ಒಂದು ಹಿಡಿ ಮರದ ಹೊಟ್ಟು

ಚನ್ನಪಟ್ಟಣದಲ್ಲಿ ಮಗಳಿಗೆ ಬುಗುರಿ ಕೊಳ್ಳಲು ನಿಂತಿದ್ದೆ. ಅಂಗಡಿಯ ಹಿಂದಿನಿಂದ ಆಗತಾನೆ ಕಡೆದ ಮರದ ವಾಸನೆ ಬಂತು. ಬುಗುರಿ ಕೊಂಡ ಮೇಲೂ ಕಾಲು ಅಲ್ಲಿಂದ ಕದಲಲಿಲ್ಲ.

ನಮ್ಮಜ್ಜಿ ಅಡುಗೆ ಮಾಡುತ್ತಿದ್ದುದು ಇಂಥದೇ ಬೊಂಬೆ ಕಾರ್ಖಾನೆಯಿಂದ ತಂದ ಹೊಟ್ಟಿನಲ್ಲಿ. ತಗಡಿನ ಒಲೆಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತಲೂ ಹೊಟ್ಟು ತುಂಬಿ, ಗುದ್ದಿ ಗುದ್ದಿ ಗಟ್ಟಿ ಮಾಡಿ, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ತೆಗೆಯುತ್ತಿದ್ದಳು. ಆ ತೂತಿನೊಳಗೆ ಹತ್ತಿಸಿದ ಬೆಂಕಿ ಮಧ್ಯಾಹ್ನದವರೆಗೂ ಉರಿಯುತ್ತಿತ್ತು.

"ಒತ್ತಿ ಮಡಗುದ್ರೆ ಒಸೊಸಿನೇ ಉರೀತದೆ ಕಣವ್ವ. ಎರಚ್ಬುಟ್ರೆ ಒಂದೇ ಸಲ ಭಗ್ ಅಂದ್ಬುಡ್ತದೆ, ಮುಟ್ಬ್ಯಾಡ," ಅನ್ನುತ್ತಿದ್ದಳು.

ಆ ಭಗ್ ನೋಡುವ ಆಸೆ ನನಗೆ. ಒಂದು ದಿನ ಒಣ ಹೊಟ್ಟನ್ನು ಒಂದು ಹಿಡಿ ತೆಗೆದು ಒಲೆಯ ಮೇಲೆ ತೂರಿದೆ. ಅದು ಗಾಳಿಯಲ್ಲೇ ಹೊತ್ತಿಕೊಂಡು, ಉರಿ ನನ್ನೆತ್ತರಕ್ಕೆ ಎದ್ದಿತು. ಅಜ್ಜಿ ನನ್ನನ್ನು ಹಿಂದಕ್ಕೆ ಎಳೆದಳು. ಅವಳ ಕೈ ಮೊಣಕೈವರೆಗೂ ಬೊಬ್ಬೆ ಎದ್ದಿತು.

ಅಪ್ಪ ಬಂದು ಅಜ್ಜಿಯ ಮೇಲೆ ರೇಗಿದ: "ಕಣ್ಣು ಮಂಜಾಗವೆ, ಇನ್ಮ್ಯಾಕೆ ಒಲೆ ತಾವ ಬರಬ್ಯಾಡ ಕಣವ್ವ."

"ಆಯ್ತು ಬುಡ್ಲಾ, ಏನೋ ಕೈ ತಾಕ್ಬುಡ್ತು," ಎಂದಳು ಅಜ್ಜಿ, ನನ್ನ ಕಡೆ ನೋಡದೆ. ನಾನು ಬಾಯಿ ಬಿಡಲಿಲ್ಲ.

ಮನೆ ತುಂಬ ಜನಕ್ಕೆ ಮುದ್ದೆ ತಿರುವುತ್ತಿದ್ದವಳು ಅಂದಿನಿಂದ ಜಗುಲಿಯಲ್ಲಿ ಕೂತು, ಅಮ್ಮ ಬಡಿಸಿದ್ದನ್ನು ಉಣ್ಣುತ್ತಿದ್ದಳು. ಸಾಯುವವರೆಗೂ.

ಈಗ ಮಗಳು ಗ್ಯಾಸ್ ಒಲೆಯ ಹತ್ತಿರ ಸುಳಿದರೆ ಓಡಿಹೋಗಿ ಅವಳನ್ನು ಹಿಂದಕ್ಕೆ ಎಳೆಯುತ್ತೇನೆ. ಇವತ್ತು ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪ ಕೇಳಿದ: "ಅವ್ವಂಗೆ ನಾನ್ ಅಂದಿದ್ ಮಾತ್ನ ಈಗ ಹೆಂಗೆ ವಾಪಸ್ ತಗೊಳ್ಳಾನ ಮಗಾ?"