ಮುಶಿಗೇರಿಗೆ ಹೋದ ಕೌದಿ

ಮನೆತನದಲ್ಲಿ ಯಾವ ಕೂಸು ಹುಟ್ಟಿದರೂ ನಮ್ಮ ಅತ್ತೆ ಅದಕ್ಕೊಂದು ಕೌದಿ ಹೊಲಿದು ಕೊಡುತ್ತಿದ್ದರು. ಅಬ್ಬಿಗೇರಿಯ ಮನೆಯ ಪಡಸಾಲೆಯಲ್ಲಿ ಮೆತ್ತಗಾದ ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತುತ್ತ ಹೊಲಿಯುವರು. ನಾನು ಹೊಸದಾಗಿ ಆ ಮನೆಗೆ ಸೊಸೆಯಾಗಿ ಬಂದವಳು. ಸೂಜಿಗೆ ದಾರ ಪೋಣಿಸಿ ಕೊಡುವುದಷ್ಟೇ ನನ್ನ ಕೆಲಸ. ಅವರ ಕಣ್ಣು ಮಂಜಾಗಿತ್ತು, ಆದರೆ ಆ ಮಾತನ್ನು ಯಾರೂ ಅವರೆದುರು ಎತ್ತುವಂತಿರಲಿಲ್ಲ.

ಆ ಸಲ ಕೌದಿ ನಾದಿನಿಯ ಮಗುವಿಗೆ. ಚೊಚ್ಚಲ ಬಾಣಂತನ ಮುಗಿಸಿ ಅವಳು ಗಂಡನ ಊರು ಮುಶಿಗೇರಿಗೆ ಹೊರಟಿದ್ದಳು. ಕರೆದೊಯ್ಯಲು ಬೀಗರ ಜೀಪು ಬಂದು ನಿಂತರೂ ಅತ್ತೆ ಕಡೆಯ ಮೂಲೆ ಹೊಲಿಯುತ್ತಲೇ ಇದ್ದರು. ಗಡಿಬಿಡಿಯಲ್ಲಿ ದಾರ ಕಡಿದು, ಕೌದಿ ಮಡಚಿ, ಮಗಳ ಮಡಿಲಿಗೆ ಹಾಕಿದರು.

ಮರುದಿನ ಮುಂಜಾನೆ ಪಡಸಾಲೆ ಗುಡಿಸುವಾಗ ಕಸಬರಿಗೆಗೆ ಕೆಂಪು ದಾರವೊಂದು ತೊಡಕಿಕೊಂಡಿತು. ಬಿಡಿಸಲು ಹೋದರೆ ಅದರ ತುದಿಗೆ ಅರ್ಧ ಸೂಜಿ. ದಾರ ಪೋಣಿಸುವ ಕಡೆಯ ಅರ್ಧ. ಚುಚ್ಚುವ ಕಡೆಯದು ಇರಲಿಲ್ಲ.

ಅಂಗಳದಲ್ಲಿದ್ದ ಅತ್ತೆಯ ಬಳಿ ಹೋಗಿ ಕೇಳಿದೆ.

"ಅತ್ತಿ, ನಿನ್ನೆ ಸೂಜಿ ಮುರಿದಿತ್ತೇನ್ರಿ?"

ಅವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬೆರಳಿಂದ ಸವರಿದರು. "ಮುರೀತವ್ವ. ತುದಿ ಕೆಳಗ ಬಿತ್ತು ಅನ್ಕೊಂಡ್ನಿ. ಆಮ್ಯಾಲೆ ಹುಡುಕಿದರಾತು ಅಂತ ನೀ ಪೋಣಿಸಿಟ್ಟಿದ್ದ ಬ್ಯಾರೆ ಸೂಜಿ ತೊಗೊಂಡ್ನಿ. ಅಷ್ಟರಾಗ ಬೀಗರು ಬಂದ್ರು."

ಗುಡಿಸಿದ ಕಸವನ್ನೆಲ್ಲ ಮೊರಕ್ಕೆ ಹಾಕಿ ಕೇರಿದೆ. ಚಾಪೆ ಝಾಡಿಸಿದೆ. ನೆಲದ ಕಲ್ಲುಗಳ ಸಂದಿಯಲ್ಲಿ ಕಡ್ಡಿ ಆಡಿಸಿದೆ. ಏನೂ ಸಿಗಲಿಲ್ಲ. ತುದಿ ಕೌದಿಯೊಳಗೇ ಉಳಿದಿರಬೇಕು. ಮುಶಿಗೇರಿಯಲ್ಲಿ ನಾದಿನಿಯ ಓಣಿಯಲ್ಲಿ ಒಂದೇ ಮನೆಗೆ ಫೋನಿತ್ತು. ನಮ್ಮೂರ ಅಂಗಡಿಯಿಂದ ಹಚ್ಚಿದರೆ ಗಂಟೆ ಬಾರಿಸಿ ಬಾರಿಸಿ ನಿಂತಿತು. ಕಡಲೆ ಕೀಳುವ ದಿನಗಳು, ಎಲ್ಲರೂ ಹೊಲದಲ್ಲಿ. ನನ್ನ ಗಂಡನೂ ಹೊಲಕ್ಕೆ ಹೋಗಿದ್ದರು.

"ನಡಿ, ಹೋಗೂಣು," ಎಂದು ಅತ್ತೆ ಉಟ್ಟ ಸೀರೆಯಲ್ಲೇ ಹೊರಟರು.

ರೋಣದಲ್ಲಿ ಮುಶಿಗೇರಿಯ ಬಸ್ಸಿಗೆ ಕಾಯುವಾಗ, ಕೂಸು ಆ ಕೌದಿಯ ಮೇಲೆ ಇಡೀ ರಾತ್ರಿ ಮಲಗಿದೆ ಎಂಬುದನ್ನು ಬಿಟ್ಟು ಬೇರೇನೂ ತಲೆಗೆ ಹೊಳೆಯುತ್ತಿರಲಿಲ್ಲ. ಬೆನ್ನಿಗೆ ಚುಚ್ಚಿದರೆ? ಕೈಗೆ ಸಿಕ್ಕು ಬಾಯಿಗೆ ಹೋದರೆ? ಬಸ್ಸಿನಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡು ಕೂತರು. ಗಟ್ಟಿ ಜೀವ ಅವರದು, ಮಾವ ತೀರಿಕೊಂಡ ದಿನವೂ ನೆಟ್ಟಗೆ ಕೂತಿದ್ದರಂತೆ. ಅಂಥವರು ಬಸ್ಸು ನಿಂತಲ್ಲೆಲ್ಲ ಊರು ಬಂತೇನೆಂದು ಕೇಳುತ್ತಿದ್ದರು.

ಓಣಿಯ ತಿರುವಿನಲ್ಲೇ ಕೂಸಿನ ಅಳು ಕೇಳಿಸಿತು.

ನಾದಿನಿ ಅದನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದಳು. ನಮ್ಮನ್ನು ಕಂಡು ಬೆರಗಾದಳು. "ರಾತ್ರಿಯಿಂದ ಹಿಂಗ ಅಳಾಕತ್ತೈತಿ ಯವ್ವ. ಹೊಸ ಜಾಗ ಅದಕ್ಕ, ಹೊಂದಿಕೊಳ್ತೈತಿ ಅಂತಾರ ನಮ್ಮ ಅತ್ತಿ."

ನಾನು ಕೂಸನ್ನು ಇಸಿದುಕೊಂಡು ಅಂಗಿ ಬಿಚ್ಚಿದೆ. ಬೆನ್ನು ಸರಿಯಾಗಿತ್ತು. ಎಡತೊಡೆಯ ಹಿಂಬದಿಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ, ಸುತ್ತ ಕೆಂಪು ಬಾವು. ಬೆರಳು ತಾಗಿದ್ದೇ ತಡ, ಕೂಸು ಉಸಿರು ಕಟ್ಟುವಂತೆ ಚೀರಿತು.

"ಇರಿವಿ ಕಡದಿರಬೇಕು," ಎಂದರು ನಾದಿನಿಯ ಅತ್ತೆ, ಒಳಗಿನಿಂದ ಬರುತ್ತ.

ನಮ್ಮ ಅತ್ತೆ ಸೆರಗಿನ ಗಂಟು ಬಿಚ್ಚಿ ಅರ್ಧ ಸೂಜಿ ತೋರಿಸಿದರು. "ಇರಿವಿ ಅಲ್ರಿ ಬೀಗರ. ಇದರ ತುದಿ. ನನ್ನ ಕೈಲೇ ಆಗಿದ್ದು."

ಆ ಹೆಂಗಸು ಬೈದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಮಗನನ್ನು ಕೂಗಿ, ಟಂಟಂ ರಿಕ್ಷಾ ತರಿಸಿ, ಕೂಸನ್ನು ತಾವೇ ಎತ್ತಿಕೊಂಡು ಕೂತರು. ಗಜೇಂದ್ರಗಡದವರೆಗೂ ನಮ್ಮ ಕಡೆ ತಿರುಗಿ ನೋಡಲಿಲ್ಲ. ನಾದಿನಿ ಬಿಕ್ಕುತ್ತಿದ್ದಳು. ಟಂಟಂ ಗುಂಡಿಗೆ ಬಿದ್ದಾಗಲೆಲ್ಲ ಒಳಗಿನ ಲೋಹ ಇನ್ನಷ್ಟು ಆಳಕ್ಕೆ ಇಳಿಯಿತೇನೋ ಎಂದು ನಾನು ಹಲ್ಲು ಕಚ್ಚುತ್ತಿದ್ದೆ.

ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದಾಗ ಪುಟ್ಟ ತೊಡೆಯ ಮಸುಕಿನ ನಡುವೆ ತೆಳ್ಳನೆಯ ಬಿಳಿ ಗೆರೆ ಕಂಡಿತು. "ಎಲುಬಿಗೆ ಮುಟ್ಟಿಲ್ಲ. ಇವತ್ತು ಬಂದದ್ದು ಚಲೋ ಆತು. ತಡಾ ಮಾಡಿದ್ರ ಸರಕೊಂಡು ಹೋಗ್ತಿತ್ತು," ಎಂದರು. ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಒಳಗೆ ಕೂಸು ಅಳುತ್ತಿತ್ತು. ಆಮೇಲೆ ಒಮ್ಮೆಲೆ ಅಳು ನಿಂತಿತು. ಅತ್ತೆ ಹೋಗಿ ಬಾಗಿಲಿಗೆ ಕಿವಿ ಹಚ್ಚಿದರು.

ಬಾಗಿಲು ತೆರೆದು ನರ್ಸು, "ತುದಿ ತೆಗದಾತು. ಬರ್ರಿ, ಹಾಲು ಕುಡಸ್ರಿ," ಎಂದಳು.

ಗಾಯ ಬೇಗ ಮಾಯಿತು. ಆದರೆ ಮುಂದಿನ ವಾರ ಅಳಿಯ ಬಂದು, ಪೇಪರಿನಲ್ಲಿ ಸುತ್ತಿದ ಕೌದಿಯನ್ನು ಕಟ್ಟೆಯ ಮೇಲಿಟ್ಟು, ಚಹಾ ಸಹ ಕುಡಿಯದೆ ಹೋದ. ಅತ್ತೆ ಅದನ್ನು ಟ್ರಂಕಿನೊಳಗೆ ಹಾಕಿ, ಸೂಜಿ ದಾರಗಳನ್ನು ಓಣಿಯ ಹೆಂಗಸರಿಗೆ ಹಂಚಿಬಿಟ್ಟರು. ಆ ಬೇಸಿಗೆಯಲ್ಲಿ ನನ್ನ ಗಂಡ ಅತ್ತೆಯನ್ನು ಗದಗಿಗೆ ಕರೆದೊಯ್ದು ಕಣ್ಣಿನ ಆಪರೇಷನ್ ಮಾಡಿಸಿದರು.

ಮುಂದೆ ನಾನು ಬಸುರಾದಾಗ ಅತ್ತೆ ಮತ್ತೆ ಹಳೆಯ ಸೀರೆಗಳನ್ನು ತೆಗೆದು ಹರವಿಕೊಂಡರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅವರು ಹೊಲಿಯುವಷ್ಟು ದಿನವೂ ನನ್ನ ಕಣ್ಣು ಆ ಸೂಜಿಯ ಮೇಲೆಯೇ. ಕನಸಿನಲ್ಲೂ ಆ ಬಿಳಿ ಗೆರೆ ಕಾಣುತ್ತಿತ್ತು.

ತವರಿನಿಂದ ಮಗನನ್ನು ಎತ್ತಿಕೊಂಡು ಬಂದ ದಿನ ಅವರು ಕೌದಿಯನ್ನು ಪಡಸಾಲೆಯಲ್ಲಿ ಹಾಸಿದರು. ನಾನು ಕೂಸನ್ನು ಎದೆಗೆ ಅವಚಿಕೊಂಡು ನಿಂತೇ ಇದ್ದೆ. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಸೆರಗು ಬಿಗಿದು, ಕೌದಿಯ ಮೇಲೆ ಮಲಗಿ, ಆ ಅಂಚಿನಿಂದ ಈ ಅಂಚಿಗೆ ಮೆಲ್ಲಗೆ ಉರುಳಿದರು. ಮಗ್ಗಲು ಬದಲಿಸಿ ಮತ್ತೊಮ್ಮೆ ಉರುಳಿದರು. ಕೆನ್ನೆಯನ್ನೂ ಒತ್ತಿ ನೋಡಿದರು.

"ಏನೂ ಚುಚ್ಚಲಿಲ್ಲ. ಈಗ ಮಲಗಸು," ಎಂದರು ಏದುಸಿರಿನಲ್ಲಿ.

ಮಲಗಿಸಿದೆ. ಆದರೂ ಕೂಸಿನ ಬೆನ್ನಡಿಯ ನನ್ನ ಅಂಗೈಯನ್ನು ಬಹಳ ಹೊತ್ತು ಎಳೆದುಕೊಳ್ಳಲಿಲ್ಲ. ಅತ್ತೆ ಅದನ್ನು ಕಂಡರು, ಬಂದು ನನ್ನ ಪಕ್ಕದಲ್ಲೇ ಕೂತರು.