ಅಡ್ಡ ನಿಂತಿದ್ದ ಖರ್ಜೂರದ ಮರ

ಹಿಂದಿನವರು ಆಕಾಶವನ್ನು ಹೇಗೆ ನೋಡುತ್ತಿದ್ದರು ಎಂದು ಸಂಶೋಧನೆ ಮಾಡುವ ಖಗೋಳಶಾಸ್ತ್ರಿ ಮುಹನ್ನಾ, ಒಮಾನಿನ ಬೆಟ್ಟದೂರೊಂದಕ್ಕೆ ಬಂದ ವಾರವೇ ಒಂದು ಮರ ಕಡಿಸಿದ. ಆ ಊರಿನ ಖಲ್ಫಾನಜ್ಜನ ಖರ್ಜೂರದ ಮರ ಅದು. ಅದರ ತುದಿಗೆ ಹಾರಬೇಕಾದರೆ ಕಾಗೆಗಳು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದವು. ಮೂಡಣ ಬೆಟ್ಟದ ಸಾಲು ದುರ್ಬೀನಿಗೆ ಕಾಣದಂತೆ ಅದು ಅಡ್ಡ ನಿಂತಿತ್ತು. ಅಜ್ಜ ಮರುಮಾತಾಡದೆ ಒಪ್ಪಿದ್ದ.

ಮರುದಿನ ಸಂಜೆ ಅಜ್ಜನ ಅಂಗಳದಲ್ಲಿ ಕಾಫಿಗೆ ಕೂತಾಗ ಮುಹನ್ನಾ ಕೇಳಿದ, "ಅಜ್ಜಾ, ಗಡಿಯಾರ ಇಲ್ಲದ ಕಾಲದಲ್ಲಿ ತೋಟಗಳಿಗೆ ಬಿಡೋ ಕಾಲುವೆ ನೀರಿನ ಸರದಿ ಹೆಂಗೆ ಗೊತ್ತಾಗ್ತಿತ್ತು?"

"ನಕ್ಷತ್ರ ಆ ಮರದ ನೆತ್ತಿಗೆ ಬಂದ್ರೆ ಒಬ್ಬನ ಸರದಿ ಮುಗೀತು, ಇನ್ನೊಬ್ಬಂದು ಶುರು. ನಮ್ಮಪ್ಪನೂ ನಾನೂ ಹಂಗೇ ಊರಿಗೆಲ್ಲ ನೀರು ಹಂಚಿದ್ದು."

ಮುಹನ್ನಾನ ಬಾಯಲ್ಲಿದ್ದ ಹಲ್ವ ಕಲ್ಲಾಯಿತು. "ಮತ್ತೆ ಕಡಿಯೋಕೆ ಯಾಕೆ ಬಿಟ್ರಿ?"

"ನಕ್ಷತ್ರಾನೇ ಓದಿದೋನು ನೀನು. ಅದಕ್ಕಿಂತ ಒಳ್ಳೇ ಗುರುತು ಕಂಡಿರ್ಬೇಕು ಅಂದ್ಕೊಂಡೆ. ಕಂಡಿದೆ ತಾನೆ, ಮಗಾ?"

ಹೌದು ಎಂದುಬಿಡಲು ನಾಲಿಗೆ ಹೊರಟಿತು. ಅಜ್ಜನ ಮುಖ ಬಿಡಲಿಲ್ಲ.

"ಇಲ್ಲ ಅಜ್ಜಾ. ತಪ್ಪಾಯ್ತು. ಮೊದಲು ನಿಮ್ಮನ್ನ ಕೇಳ್ಬೇಕಿತ್ತು."

ಅಜ್ಜ ಅವನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದ. ಆಮೇಲೆ ಅವನನ್ನು ಮೇಲಿಂದ ಕೆಳಗೆ ಅಳೆದ. "ಹಂಗಾದ್ರೆ ಇನ್ಮೇಲೆ ನೀನೇ ಅಲ್ಲಿ ನಿಂತ್ಕೋ. ಸ್ವಲ್ಪ ಗಿಡ್ಡ ಆದೆ, ಅಷ್ಟೆ."

ಮುಹನ್ನಾನಿಗೆ ನಗು ಬರಲಿಲ್ಲ. ಕತ್ತಲಾಗುತ್ತಲೇ ಅಜ್ಜ ಎಂದಿನ ರೂಢಿಯಂತೆ ತಲೆಯೆತ್ತಿ, ಖಾಲಿ ಜಾಗದಲ್ಲಿ ಏನನ್ನೋ ಹುಡುಕಿದ.

ಮುಹನ್ನಾ ಎದ್ದು ಹೋಗಿ, ಕಡಿದ ಬೊಡ್ಡೆಯ ಮೇಲೆ ನಿಂತುಕೊಂಡ.