ಮೂವತ್ತೊಂದು ಟ್ರೇಗಳು, ಒಂದು ಸುಳ್ಳು

ಅಮೆರಿಕದ ಡುಲೂತ್ ಊರಿನ ಶಾಲಾ ಬಸ್ ಡಿಪೋದಲ್ಲಿ ಮಾರ್ಲಿಸ್ ಟ್ವೇಟ್ ಹನ್ನೊಂದು ವರ್ಷ ವೈರ್‌ಲೆಸ್ ಮುಂದೆ ಕೂತು ನಮ್ಮನ್ನು ಗದರಿಸುತ್ತಿದ್ದಳು. ಯಾವ ಬಸ್ಸು ಯಾವ ಬೀದಿಯ ಹಿಮದಲ್ಲಿ ಹೂತಿದೆ, ಯಾರ ಮಗು ಇನ್ನೂ ಮನೆ ಸೇರಿಲ್ಲ, ಎಲ್ಲವೂ ಅವಳ ತಲೆಯಲ್ಲಿರುತ್ತಿತ್ತು. ನಾವು ನಲವತ್ತು ಜನ ಚಾಲಕರು ಪೊಲೀಸರಿಗೂ ಅಷ್ಟು ಹೆದರುತ್ತಿರಲಿಲ್ಲ.

ಇಂಥ ಹೆಂಗಸಿಗೆ ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಕಾನೂನು ಕಾಲೇಜಿನ ಹುಚ್ಚು ಹಿಡಿಯಲು ಕಾರಣ ನಾನೇ. ಒಂದು ಜನವರಿಯಲ್ಲಿ ಹಿಮಗಾಳಿಗೆ ಕಣ್ಣೇ ಕಾಣದಂತಾದಾಗ, ಹದಿನೆಂಟು ಮಕ್ಕಳಿದ್ದ ಬಸ್ಸನ್ನು ಸರೋವರದ ಕಡೆಯ ಇಳಿಜಾರಿಗೆ ಇಳಿಸದೆ ಚರ್ಚಿನ ಅಂಗಳದಲ್ಲಿ ನಿಲ್ಲಿಸಿದ್ದೆ. ವೇಳಾಪಟ್ಟಿ ತಪ್ಪಿಸಿದ ಘೋರ ಅಪರಾಧಕ್ಕಾಗಿ ಮೇಲಿನವರು ನನ್ನನ್ನು ಕೆಲಸದಿಂದ ತೆಗೆಯಲು ಹೊರಟರು. ಮಕ್ಕಳು ಜೀವಂತವಾಗಿ ಮನೆ ಸೇರಿದ್ದನ್ನು ಬರೆದುಕೊಳ್ಳಲು ಅವರ ಪಟ್ಟಿಯಲ್ಲಿ ಜಾಗವಿರಲಿಲ್ಲವೆಂದು ಕಾಣುತ್ತದೆ. ವಿಚಾರಣೆಯ ದಿನ ಮಾರ್ಲಿಸ್ ನನ್ನ ಪಕ್ಕ ಕೂತು, ಯಾರೂ ಓದದ ನಮ್ಮ ನೌಕರಿ ಕರಾರಿನ ನಲವತ್ತೇಳನೇ ಪುಟವನ್ನು ಗಟ್ಟಿಯಾಗಿ ಓದಿದಳು. ಹವೆ ಕೆಟ್ಟಾಗ ಬಸ್ಸು ನಿಲ್ಲಿಸುವ ತೀರ್ಮಾನ ಚಾಲಕನದೇ ಎಂದು ಅಲ್ಲಿತ್ತು. ನನ್ನ ಕೆಲಸ ಉಳಿಯಿತು. ಹೊರಗೆ ಬಂದ ಎದುರು ಪಕ್ಷದ ವಕೀಲ, "ನೀವು ಲಾ ಓದಿದ್ದು ಎಲ್ಲಿ ಮೇಡಂ?" ಎಂದು ಕೇಳಿದ. ಅಲ್ಲಿಗೆ ಮುಗಿಯಿತು ಕತೆ.

ಪ್ರವೇಶ ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಅಂಕ ಬಂತು. ಆದರೆ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ನಿಮ್ಮ ಮೇಲೆ ಯಾವುದೇ ವಿದ್ಯಾಸಂಸ್ಥೆ ಎಂದಾದರೂ ಶಿಸ್ತುಕ್ರಮ ಜರುಗಿಸಿದೆಯೇ? ಹೌದಾದರೆ ವಿವರಿಸಿ. ವಕೀಲರಾಗುವವರು ಹುಟ್ಟಿದಾಗಿನಿಂದ ಹಾಲಿನಷ್ಟು ಬೆಳ್ಳಗಿರಬೇಕಂತೆ. ಆಮೇಲಿನದನ್ನು ಕಾಲೇಜು ನೋಡಿಕೊಳ್ಳುತ್ತದೆ.

"ಇದೆ ಕಣೋ ಆರ್ವೋ," ಎಂದಳು ಮಾರ್ಲಿಸ್ ನನಗೆ, ಡಿಪೋದ ಕಾಫಿ ಕೋಣೆಯಲ್ಲಿ. "ಇಪ್ಪತ್ತನೇ ವಯಸ್ಸಲ್ಲಿ ಹಾಸ್ಟೆಲಿನ ಊಟದ ಮನೆಯಿಂದ ಟ್ರೇ ಕದ್ದಿದ್ದೆ."

"ಟ್ರೇನಾ? ಎಷ್ಟು?"

"ಮೂವತ್ತೊಂದು. ಅದರ ಮೇಲೆ ಕೂತು ಹಿಮದ ಗುಡ್ಡದಿಂದ ಜಾರೋಕೆ."

ನಾನು ಕಾಫಿ ಉಗುಳಿಕೊಂಡು ನಕ್ಕೆ. "ಅಬ್ಬಾ! ದೇಶಕ್ಕೇ ಗಂಡಾಂತರ ತಂದಿದ್ದೀಯಲ್ಲೇ!"

ಅರ್ಜಿ ತಿದ್ದಿಕೊಡಲು ಅವಳು ಬ್ರೈಸ್ ಎಂಬ ಸಲಹೆಗಾರನನ್ನು ಗೊತ್ತು ಮಾಡಿಕೊಂಡಿದ್ದಳು. ಇಪ್ಪತ್ತಾರು ವರ್ಷದ ಪಂಡಿತ, ಕಂಪ್ಯೂಟರ್ ಪರದೆಯಲ್ಲಿ ಮಾತ್ರ ದರ್ಶನ ಕೊಡುತ್ತಿದ್ದ. ಅವನು ಬರೆದುಕೊಟ್ಟ ವಿವರಣೆ ಎರಡು ಪುಟವಿತ್ತು. ಅದರ ಪ್ರಕಾರ ಆ ಟ್ರೇಗಳು ಮಾರ್ಲಿಸ್‌ಗೆ ನಾಯಕತ್ವ ಕಲಿಸಿದ್ದವು, ಸಾರ್ವಜನಿಕ ಆಸ್ತಿಯ ಪಾವಿತ್ರ್ಯವನ್ನು ಮನಗಾಣಿಸಿದ್ದವು, ನ್ಯಾಯದ ದಾಹವನ್ನೂ ಹುಟ್ಟಿಸಿದ್ದವು. ಓದಿ ಮುಗಿಸುವಷ್ಟರಲ್ಲಿ, ಅಷ್ಟು ಪುಣ್ಯವಂತ ಟ್ರೇಗಳನ್ನು ನಾನೂ ನಾಲ್ಕು ಕದಿಯಬೇಕಿತ್ತು ಅನ್ನಿಸಿತು. ಡಿಪೋದಲ್ಲಿ ಎಲ್ಲರಿಗೂ ಓದಿ ಹೇಳಿದೆವು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರ್ಲಿಸ್ ಮಾತ್ರ ಅಷ್ಟಾಗಿ ನಗಲಿಲ್ಲ. ನಾಚಿಕೆ ಇರಬೇಕು ಅಂದುಕೊಂಡೆ.

ಹತ್ತು ದಿನದ ಮೇಲೆ ಹಳೆಯ ಕಾಲೇಜಿನಿಂದ ದಾಖಲೆಯ ನಕಲು ಬಂತು. ಅವಳು ಲಕೋಟೆ ಒಡೆದು ನೋಡಿ, ಅದನ್ನು ನನ್ನ ಕಡೆ ತಳ್ಳಿದಳು. ಅದರಲ್ಲಿ ಎರಡು ಸಾಲುಗಳಿದ್ದವು. ಟ್ರೇಗಳ ಕಳವು: ಎಚ್ಚರಿಕೆ. ವಿಚಾರಣೆಯಲ್ಲಿ ಸುಳ್ಳು ಹೇಳಿಕೆ: ಆರು ತಿಂಗಳು ಅಮಾನತು.

"ಎರಡನೇದು ಏನಿದು?"

"ಟ್ರೇ ನನ್ನ ಮಂಚದ ಕೆಳಗೆ ಸಿಕ್ತು. ಡೀನ್ ಕರೆದು ಕೇಳಿದ್ರು. ನನ್ನ ರೂಮ್‌ಮೇಟ್ ರೊಶೆಲ್ ತಂದಿಟ್ಟಿದ್ದು ಅಂದೆ." ಅವಳು ಮೇಜು ನೋಡುತ್ತಲೇ ಹೇಳಿದಳು. "ಅವಳು ಅದೇ ಊಟದ ಮನೇಲಿ ಪಾತ್ರೆ ತೊಳೀತಿದ್ಲು. ಎಲ್ರೂ ನಂಬಿಬಿಟ್ರು. ಮಾರನೇ ದಿನವೇ ಅವಳ ಕೆಲಸ ಹೋಯ್ತು. ಎರಡು ವಾರ ಆದ್ಮೇಲೆ ನನ್ನ ಜೊತೆ ಜಾರಿದ ಹುಡುಗಿ ಒಬ್ಳು ನಿಜ ಹೇಳಿದ್ಲು. ಅಷ್ಟೊತ್ತಿಗೆ ರೊಶೆಲ್ ಕಾಲೇಜೇ ಬಿಟ್ಟು ಹೋಗಿದ್ಲು."

ನನಗೆ ನಗು ಬರಲಿಲ್ಲ.

ಬ್ರೈಸ್ ಮಾತ್ರ ಕಿಂಚಿತ್ತೂ ಅಲುಗಲಿಲ್ಲ. "ಟ್ರೇ ವಿಷಯ ಹೇಳಿದ್ರೆ ಸಾಕು ಮೇಡಂ. ಓದಿದವ್ರು ನಗ್ತಾರೆ, ಮುಂದಕ್ಕೆ ಹೋಗ್ತಾರೆ. ಎರಡನೇದನ್ನ 'ಸಂವಹನದ ಗೊಂದಲ' ಅಂತ ಹಾಕೋಣ."

"ಗೊಂದಲ ಇರ್ಲಿಲ್ಲಪ್ಪ. ಸ್ಪಷ್ಟವಾಗೇ ಸುಳ್ಳು ಹೇಳಿದ್ದೆ," ಎಂದು ಮಾರ್ಲಿಸ್ ಪರದೆ ಮುಚ್ಚಿದಳು.

ಮುಚ್ಚಿದಳೇ ಹೊರತು ಬರೆಯಲಿಲ್ಲ. ಒಂದು ವಾರ ಅರ್ಜಿ ಹಾಗೇ ಬಿದ್ದಿತ್ತು. ನಾನು ಸುಮ್ಮನಿರಲಾರದೆ, "ಆ ಹುಡುಗಿ ಈಗೆಲ್ಲಿದ್ದಾಳೆ?" ಎಂದು ಕೇಳಿದೆ.

"ಕೇಳಿ ಏನ್ ಮಾಡ್ತೀಯ?"

"ನಾನೇನೂ ಮಾಡಲ್ಲ. ಡುಲೂತ್‌ನ ಎಲ್ಲಾ ಮಕ್ಕಳನ್ನೂ ಹುಡುಕೋ ನಿನಗೆ ಒಬ್ಬ ಹೆಂಗಸು ಹತ್ತೊಂಬತ್ತು ವರ್ಷದಿಂದ ಸಿಕ್ಕಿಲ್ವಾ ಅಂತ."

ಅವಳು ನನ್ನನ್ನು ಸುಡುವಂತೆ ನೋಡಿದಳು. ಎರಡೇ ದಿನದಲ್ಲಿ ನಂಬರು ಸಿಕ್ಕಿತು. ರೊಶೆಲ್ ವ್ಯಾಂಡಿವರ್ ಮಿಲ್ವಾಕಿ ನಗರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಶನಿವಾರ ಮಧ್ಯಾಹ್ನ ಖಾಲಿ ಡಿಪೋದಿಂದ ಮಾರ್ಲಿಸ್ ಸ್ಪೀಕರ್ ಹಾಕಿಕೊಂಡು ಫೋನ್ ಮಾಡಿದಳು. ಧೈರ್ಯಕ್ಕೆ ನಾನು ಪಕ್ಕದಲ್ಲಿರಬೇಕಂತೆ.

ಮಾರ್ಲಿಸ್ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಆ ಕಡೆಯಿಂದ ರೊಶೆಲ್ ನೇರವಾಗಿ ಕೇಳಿದಳು:

"ಈಗ ಯಾಕೆ ಫೋನ್ ಮಾಡಿದೆ? ಅರ್ಜಿಗೋಸ್ಕರ ತಾನೇ?"

"ಹೌದು. ಅರ್ಜಿ ಇಲ್ದಿದ್ರೆ ಮಾಡ್ತಿದ್ನೋ ಇಲ್ವೋ, ಗೊತ್ತಿಲ್ಲ."

"ಸದ್ಯ, ಅದನ್ನಾದ್ರೂ ನಿಜ ಹೇಳಿದೆಯಲ್ಲ." ರೊಶೆಲ್ ಧ್ವನಿಯಲ್ಲಿ ಸಿಟ್ಟಿಗಿಂತ ಸುಸ್ತು ಇತ್ತು. "ಕೆಲಸ ಹೋದದ್ದು ಮರೆತುಬಿಟ್ಟೆ ಮಾರ್ಲಿಸ್. ಅವತ್ತು ಡೀನ್ ರೂಮಿಂದ ಬಂದು, ನನ್ನ ಎದುರೇ ಕೂತು ಪಾಪ್‌ಕಾರ್ನ್ ತಿಂದೆಯಲ್ಲ, ಅದು ಮರೆಯೋಕಾಗಿಲ್ಲ. ಏನ್ ನಡೀತೋ ಅದನ್ನೇ ಬರಿ. ಕ್ಷಮಿಸಿದೆ ಅಂತ ಮಾತ್ರ ಬರೀಬೇಡ, ನಾನು ಹೇಳಿಲ್ಲ."

ಅಂದು ಸಂಜೆಯೇ ಮಾರ್ಲಿಸ್ ಒಂಬತ್ತು ಸಾಲು ಬರೆದಳು. ತಾನು ಏನು ಮಾಡಿದೆ, ಯಾರ ಹೆಸರು ಹೇಳಿದೆ, ಆಕೆ ಏನು ಕಳೆದುಕೊಂಡಳು, ತನಗೆ ಏನು ಶಿಕ್ಷೆಯಾಯಿತು. ನಾಯಕತ್ವವೂ ಇರಲಿಲ್ಲ, ದಾಹವೂ ಇರಲಿಲ್ಲ. ಅದನ್ನು ಓದಿದ ಬ್ರೈಸ್, ಇದು ಆತ್ಮಹತ್ಯೆ ಎಂದು ತೀರ್ಪು ಕೊಟ್ಟು ಕೈತೊಳೆದುಕೊಂಡ.

ಎರಡು ಕಾಲೇಜುಗಳು ಬೇಡವೆಂದವು. ಅಂಥ ಶುದ್ಧ ಸಂಸ್ಥೆಗಳ ನೆಮ್ಮದಿ ಕೆಡಿಸಿದ್ದಕ್ಕೆ ನಮಗೂ ಬೇಸರವಾಯಿತು. ಮೂರನೆಯದು, ಸೇಂಟ್ ಪಾಲ್ ನಗರದ್ದು, ಅವಳನ್ನು ಕರೆಸಿ ಮುಕ್ಕಾಲು ಗಂಟೆ ಮಾತಾಡಿಸಿ, ಸಂಜೆ ತರಗತಿಗೆ ಸೇರಿಸಿಕೊಂಡಿತು. ಅಲ್ಲೇ ಇದ್ದುಕೊಂಡು ನಾಲ್ಕು ವರ್ಷ ಓದಿದಳು.

ಓದಿ ಮುಗಿಸಿದ ಮೇಲೆ, ವಕೀಲರಿಗೆ ಪರವಾನಗಿ ಕೊಡುವ ಮಂಡಳಿ ಅದೇ ಪ್ರಶ್ನೆಯನ್ನು ಹೊಸದಾಗಿ ಕೇಳಿತು. ಹಳೆಯ ಅರ್ಜಿಯನ್ನು ತರಿಸಿ ಅಕ್ಷರ ಅಕ್ಷರ ತಾಳೆ ನೋಡಿತು. ಐದು ತಿಂಗಳು ತನಿಖೆ ನಡೆಯಿತು. ಬ್ಯಾಂಕು ದರೋಡೆಯನ್ನೂ ಇಷ್ಟು ಶ್ರದ್ಧೆಯಿಂದ ಯಾರೂ ತನಿಖೆ ಮಾಡಿರಲಾರರು. ರೊಶೆಲ್‌ಗೂ ಕಾಗದ ಹೋಯಿತು. ಅವಳ ಉತ್ತರವನ್ನು ಮಾರ್ಲಿಸ್ ನನಗೆ ತೋರಿಸಿದಳು: "ಆಕೆ ಬರೆದಿರುವುದು ನಿಜ. ಟ್ರೇಗಳನ್ನು ನಾನು ಎಣಿಸಿಲ್ಲ."

ಏಪ್ರಿಲ್‌ನಲ್ಲಿ ಪರವಾನಗಿ ಬಂತು. ಪ್ರಮಾಣವಚನಕ್ಕೆ ಬರಲು ಮಾರ್ಲಿಸ್ ರೊಶೆಲ್‌ಗೂ ಬರೆದಿದ್ದಳು. ಅವಳು ಬರಲಿಲ್ಲ, ಬರುವುದಿಲ್ಲವೆಂದೂ ತಿಳಿಸಲಿಲ್ಲ. ಮಾರ್ಲಿಸ್ ಬಾಗಿಲ ಕಡೆ ನೋಡಿದ್ದು ಎರಡೇ ಸಲ. ಆಮೇಲೆ ಕೈ ಎತ್ತಿ ಪ್ರಮಾಣ ಮಾಡಿದಳು.